‘ಇಟ್’ ಅಂದರೆ ಯಾವುದು? ಇಂಗ್ಲಿಷ್ ಪಾಠದಲ್ಲಿ ವಾಕ್ಯಗಳ ನಡುವಿನ ಕೊಂಡಿಗಳ ಬಗ್ಗೆ

ಬಯಲುಸೀಮೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಹೋದ ವಾರ ತರಗತಿಯಲ್ಲಿ ನಡೆದ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಣ್ಣಿನ ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ ಅನ್ನುವ ಚಿಕ್ಕ ಗದ್ಯ ಓದಿಸುತ್ತಿದ್ದೆ. ಬರೀ ನಾಲ್ಕು ವಾಕ್ಯ. ‘ಎ ಕ್ಲೇ ಪಾಟ್ ಹ್ಯಾಸ್ ಟೈನಿ ಹೋಲ್ಸ್. ವಾಟರ್ ಕಮ್ಸ್ ಔಟ್. ಇಟ್ ಇವ್ಯಾಪೊರೇಟ್ಸ್. ಇಟ್ ಸ್ಟೇಸ್ ಕೂಲ್.’ ಟೈನಿ, ಹೋಲ್, ಇವ್ಯಾಪೊರೇಟ್, ಕೂಲ್ ಎಲ್ಲದಕ್ಕೂ ಮೊದಲೇ ಬೋರ್ಡ್ ಮೇಲೆ ಕನ್ನಡದಲ್ಲಿ ಅರ್ಥ ಬರೆದಿದ್ದೆ. ಮಕ್ಕಳು ಗಟ್ಟಿಯಾಗಿ, ತಪ್ಪಿಲ್ಲದೆ ಓದಿದರು. ಆಮೇಲೆ ‘ಯಾವುದು ಆವಿಯಾಗುತ್ತದೆ?’ ಅಂತ ಕೇಳಿದೆ. ಒಬ್ಬ ಹುಡುಗ ತಕ್ಷಣ ಎದ್ದು ‘ಮಡಕೆ ಸರ್’ ಅಂದ. ಬೇರೆಯವರನ್ನು ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮಡಕೆ ಅಂತಲೇ ಹೇಳಿದರು.

ಆ ಹುಡುಗನ ಮನೆಯಲ್ಲಿ ಬೇಸಿಗೆಯಲ್ಲಿ ಮಡಕೆಯ ನೀರೇ ಕುಡಿಯೋದು. ಮಡಕೆ ಹೊರಗಡೆ ಬೆವರುತ್ತದೆ, ಅದರ ಕೆಳಗೆ ಮರಳು ಹಾಕಿದರೆ ಮರಳು ಒದ್ದೆಯಾಗುತ್ತದೆ ಅಂತ ಅವನೇ ನನಗೆ ಹೇಳಿದ. ಅಂದರೆ ವಿಷಯ ಅವನಿಗೆ ಗೊತ್ತು. ಪದಗಳ ಅರ್ಥವೂ ಗೊತ್ತು. ಆದರೂ ಪಾಠ ಅರ್ಥವಾಗಲಿಲ್ಲ.

ಮನೆಗೆ ಬಂದು ಮತ್ತೆ ಮತ್ತೆ ಓದಿದೆ. ತಪ್ಪು ಹುಡುಗನದ್ದಲ್ಲ. ಗದ್ಯ ಶುರುವಾಗುವುದೇ ಮಡಕೆಯಿಂದ. ‘ಇಟ್’ ಅಂದಾಗ ಅವನು ಮಡಕೆ ಅಂದುಕೊಂಡ. ಕೊನೆಯ ವಾಕ್ಯದ ‘ಇಟ್’ ಮಡಕೆಯೋ, ಒಳಗಿನ ನೀರೋ ನನಗೂ ಖಚಿತವಾಗಿ ಹೇಳಲು ಆಗಲಿಲ್ಲ. ಮೂರನೇ ವಾಕ್ಯಕ್ಕೂ ನಾಲ್ಕನೇ ವಾಕ್ಯಕ್ಕೂ ಏನು ಸಂಬಂಧ ಅನ್ನುವುದಂತೂ ಎಲ್ಲೂ ಇಲ್ಲ. ಆವಿಯಾಗುವುದರಿಂದಲೇ ತಣ್ಣಗಾಗುತ್ತದೆ ಅನ್ನುವುದೇ ಪಾಠದ ಜೀವ. ಅದೇ ಬಿಟ್ಟುಹೋಗಿದೆ.

ಮರುದಿನ ನಾನೇ ತಿದ್ದಿ ಬರೆದುಕೊಂಡು ಹೋದೆ. ‘ಸಮ್ ವಾಟರ್ ಕಮ್ಸ್ ಔಟ್ ಥ್ರೂ ದೀಸ್ ಹೋಲ್ಸ್. ವೆನ್ ದಿಸ್ ವಾಟರ್ ಇವ್ಯಾಪೊರೇಟ್ಸ್, ಇಟ್ ಟೇಕ್ಸ್ ಹೀಟ್ ಫ್ರಮ್ ದ ಪಾಟ್. ಸೋ ದ ವಾಟರ್ ಇನ್‌ಸೈಡ್ ದ ಪಾಟ್ ಸ್ಟೇಸ್ ಕೂಲ್.’ ವಾಕ್ಯಗಳು ಉದ್ದವಾದವು. ಪದಗಳೂ ಜಾಸ್ತಿಯಾದವು. ಆದರೆ ಅದೇ ಹುಡುಗ ಈ ಸಲ ‘ಹೊರಗೆ ಬಂದ ನೀರು ಸರ್, ಅದು ಬಿಸಿ ತಗೊಂಡು ಹೋಗುತ್ತೆ’ ಅಂದ.

ನನ್ನ ಪ್ರಶ್ನೆ ಇಷ್ಟು. ಮಕ್ಕಳಿಗೆ ಸುಲಭ ಆಗಲಿ ಅಂತ ವಾಕ್ಯಗಳನ್ನು ತುಂಡು ತುಂಡು ಮಾಡುತ್ತೇವಲ್ಲ, ಅದರಿಂದಲೇ ಪಾಠ ಕಷ್ಟವಾಗುತ್ತಿದೆಯಾ? ನಿಮ್ಮ ಅನುಭವ ಏನು?

ಹೈಸ್ಕೂಲ್ ಟೀಚರ್

ಸರ್, ನೂರಕ್ಕೆ ನೂರು ನಿಜ. ನನ್ನ ಹತ್ತಿರ ಇನ್ನೊಂದು ಉದಾಹರಣೆ ಇದೆ. ‘ಬಿಫೋರ್ ದ ರೇನ್ ಕೇಮ್, ದ ಫಾರ್ಮರ್ ಕವರ್ಡ್ ದ ರಾಗಿ ಹೀಪ್.’ ಏನಾಯಿತು ಅಂತ ಎಂಟನೇ ತರಗತಿಯಲ್ಲಿ ಕೇಳಿದೆ. ‘ಮೊದಲು ಮಳೆ ಬಂತು, ಆಮೇಲೆ ರೈತ ರಾಗಿ ರಾಶಿ ಮುಚ್ಚಿದ’ ಅಂದರು. ಹಾಗಾದರೆ ರಾಶಿ ನೆನೆದು ಹೋಗಿರಬೇಕಲ್ಲ ಅಂದೆ. ‘ಹೌದು ಮಿಸ್, ನೆಂದಿರುತ್ತೆ’ ಅಂದರು.

ಯಾಕೆ ಹೀಗೆ ಅಂತ ಯೋಚಿಸಿದಾಗ ಗೊತ್ತಾಯಿತು. ಬಿಫೋರ್ ಅಂದರೆ ‘ಮೊದಲು’ ಅಂತ ನಾನೇ ಬರೆಸಿದ್ದೆ. ಕನ್ನಡದಲ್ಲಿ ‘ಮೊದಲು ಮಳೆ ಬಂತು’ ಅಂದರೆ ಒಂದು ಅರ್ಥ, ‘ಮಳೆ ಬರುವ ಮೊದಲು’ ಅಂದರೆ ಅದಕ್ಕೆ ಪೂರ್ತಿ ಉಲ್ಟಾ. ಇಂಗ್ಲಿಷಿನಲ್ಲಿ ಆ ಪದ ವಾಕ್ಯದ ತಲೆಯಲ್ಲಿ ಕೂತಿದೆ. ಮಗು ಅದನ್ನು ಹಾಗೇ ಎತ್ತಿ ಕನ್ನಡ ವಾಕ್ಯದ ತಲೆಯಲ್ಲಿ ಇಟ್ಟಿತು. ಒಂದು ಪದದ ಅರ್ಥ ಬರೆಸಿ ನಾನು ಇಡೀ ವಾಕ್ಯದ ಅರ್ಥ ಕೆಡಿಸಿದ್ದೆ. ಈಗ ಇಂಥ ಪದಗಳಿಗೆ ಬಿಡಿಯಾಗಿ ಅರ್ಥ ಬರೆಸುವುದನ್ನೇ ನಿಲ್ಲಿಸಿದ್ದೇನೆ. ಪೂರ್ತಿ ವಾಕ್ಯ ಹೇಳಿ, ಪೂರ್ತಿ ವಾಕ್ಯದಲ್ಲೇ ಅರ್ಥ ಹೇಳಿಸುತ್ತೇನೆ.

ಅವಳಿ ಮಕ್ಕಳ ಅಮ್ಮ

ನಾನು ಟೀಚರ್ ಅಲ್ಲ, ತಾಯಿಯಾಗಿ ಹೇಳುತ್ತಿದ್ದೇನೆ. ನನ್ನ ಇಬ್ಬರು ಮಕ್ಕಳು ಐದನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ಉದ್ದ ವಾಕ್ಯ ಕಂಡರೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ. ಚಿಕ್ಕ ವಾಕ್ಯ ಇದ್ದರೆ ಓದಿ ಮುಗಿಸಿದೆವು ಅನ್ನುವ ಧೈರ್ಯವಾದರೂ ಬರುತ್ತದೆ. ಮೇಷ್ಟ್ರು ಹೇಳಿದ ಹಾಗೆ ವಾಕ್ಯ ಉದ್ದ ಮಾಡಿದರೆ ನಮ್ಮಂಥ ಮನೆಯ ಮಕ್ಕಳಿಗೆ ಇನ್ನೂ ಕಷ್ಟ ಆಗುವುದಿಲ್ಲವಾ?

ಓದುಬರಹ

ಅಮ್ಮ ಅವರ ಪ್ರಶ್ನೆ ತುಂಬಾ ಮುಖ್ಯವಾದದ್ದು. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಭಾಷಾವಿಜ್ಞಾನ ಓದಿದವನು.

ಚಿಕ್ಕ ವಾಕ್ಯ ಅಂದರೆ ಸುಲಭ ವಾಕ್ಯ ಅನ್ನುವ ನಂಬಿಕೆ ಸುಮ್ನೆ ಬಂದದ್ದಲ್ಲ. ಅಮೆರಿಕದಲ್ಲಿ 1948ರಲ್ಲಿ ರುಡಾಲ್ಫ್ ಫ್ಲೆಶ್ ಅವರು ಬರಹ ಎಷ್ಟು ಸುಲಭ ಅಂತ ಅಳೆಯಲು ಒಂದು ಸೂತ್ರ ಕೊಟ್ಟರು. 1975ರಲ್ಲಿ ಅದನ್ನೇ ಅಲ್ಲಿನ ನೌಕಾಪಡೆಗಾಗಿ ತರಗತಿಯ ಮಟ್ಟ ಹೇಳುವ ಹಾಗೆ ಬದಲಾಯಿಸಿದರು. ಎರಡೂ ಎಣಿಸುವುದು ಎರಡೇ ವಿಷಯ: ವಾಕ್ಯದಲ್ಲಿ ಎಷ್ಟು ಪದ ಇವೆ, ಪದದಲ್ಲಿ ಎಷ್ಟು ಉಚ್ಚಾರಣಾಂಶ (ಸಿಲಬಲ್, ಒಂದೇ ಸಲಕ್ಕೆ ಉಚ್ಚರಿಸುವ ತುಣುಕು) ಇವೆ. ಪಠ್ಯವನ್ನು ತಿರುಗಾಮುರುಗಾ ಮಾಡಿ, ಕೊನೆಯ ವಾಕ್ಯ ಮೊದಲು ಇಟ್ಟರೂ ಸೂತ್ರ ಅದೇ ಅಂಕ ಕೊಡುತ್ತದೆ. ವಾಕ್ಯಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಅನ್ನುವುದು ಅದಕ್ಕೆ ಕಾಣುವುದೇ ಇಲ್ಲ. ಸೂತ್ರದ ಅಂಕಕ್ಕಾಗಿ ಬರೆಯಲು ಹೊರಟರೆ ಮೊದಲು ಉದುರಿ ಹೋಗುವುದೇ ಬಿಕಾಸ್, ಸೋ, ಆಲ್‌ದೋ ಥರದ ಪದಗಳು. ಯಾಕೆಂದರೆ ಎರಡು ವಾಕ್ಯಗಳನ್ನು ಒಂದಾಗಿ ಹಿಡಿದಿರುವುದು ಅವೇ. 1982ರಲ್ಲಿ ಡೇವಿಸನ್ ಮತ್ತು ಕ್ಯಾಂಟರ್ ಅನ್ನುವವರು ಇದನ್ನೇ ತೋರಿಸಿದರು. ಸುಲಭಗೊಳಿಸಿದ ಪಠ್ಯವನ್ನು ಮೂಲದ ಪಕ್ಕ ಇಟ್ಟು ನೋಡಿ, ವಾಕ್ಯ ಕತ್ತರಿಸಿದ ಕಡೆ ಸಂಬಂಧವೂ ಕತ್ತರಿಸಿ ಹೋಗಿದೆ ಅಂದರು.

ಮಗು ಓದುವಾಗ ತಲೆಯೊಳಗೆ ಏನಾಗುತ್ತದೆ ಅನ್ನುವುದಕ್ಕೆ 1974ರ ಒಂದು ಪ್ರಯೋಗ ಇದೆ. ಹ್ಯಾವಿಲ್ಯಾಂಡ್ ಮತ್ತು ಕ್ಲಾರ್ಕ್ ಮಾಡಿದ್ದು. ‘ಕಾರಿನ ಡಿಕ್ಕಿಯಿಂದ ಬಿಯರ್ ತೆಗೆದೆವು. ಬಿಯರ್ ಬೆಚ್ಚಗಿತ್ತು’ ಅಂತ ಓದಿದವರು ಎರಡನೇ ವಾಕ್ಯವನ್ನು ಬೇಗ ಓದಿದರು. ‘ಪಿಕ್‌ನಿಕ್ ಸಾಮಾನುಗಳನ್ನು ನೋಡಿದೆವು. ಬಿಯರ್ ಬೆಚ್ಚಗಿತ್ತು’ ಅಂತ ಓದಿದವರಿಗೆ ಅದೇ ವಾಕ್ಯಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ಯಾಕೆಂದರೆ ಸಾಮಾನುಗಳಲ್ಲಿ ಬಿಯರ್ ಇತ್ತು ಅನ್ನುವುದನ್ನು ಅವರೇ ಊಹಿಸಿಕೊಳ್ಳಬೇಕು. ಇಂಗ್ಲಿಷ್ ಮನೆಮಾತಾದ ದೊಡ್ಡವರಿಗೇ ಹೀಗೆ. ಒಂದೊಂದು ಪದವನ್ನೂ ಕೂಡಿಸಿಕೊಂಡು ಓದುವ ನಮ್ಮ ಮಕ್ಕಳಿಗೆ ಊಹೆ ಮಾಡಲು ತಲೆಯಲ್ಲಿ ಜಾಗ ಎಲ್ಲಿದೆ?

ಹಾಗಾಗಿ ಅಮ್ಮ, ವಾಕ್ಯ ಉದ್ದ ಮಾಡುವುದೇ ಗುರಿ ಅಲ್ಲ. ಚಿಕ್ಕ ವಾಕ್ಯದಲ್ಲೂ ಕೊಂಡಿ ಇಡಬಹುದು. ‘ದಿಸ್ ವಾಟರ್’ ಅಂತ ಎರಡೇ ಪದ ಬರೆದರೆ ಸಾಕು, ಯಾವ ನೀರು ಅನ್ನುವುದು ಹಿಂದಿನ ವಾಕ್ಯಕ್ಕೆ ಅಂಟಿಕೊಳ್ಳುತ್ತದೆ.

ಅವಳಿ ಮಕ್ಕಳ ಅಮ್ಮ

ಈಗ ಅರ್ಥವಾಯಿತು ಸರ್. ಥ್ಯಾಂಕ್ಸ್. ಈ ಕೊಂಡಿಗಳಲ್ಲಿ ಎಷ್ಟು ಬಗೆ ಇವೆ? ಮನೆಯಲ್ಲಿ ನಾನೇ ಹೇಳಿಕೊಡಬಹುದಾ?

ಓದುಬರಹ

ಖಂಡಿತ ಹೇಳಿಕೊಡಬಹುದು. ಇದರ ಬಗ್ಗೆ ಆಧಾರ ಅನ್ನಬಹುದಾದ ಪುಸ್ತಕ ಬಂದದ್ದು 1976ರಲ್ಲಿ. ಬರೆದವರು ಮೈಕೆಲ್ ಹ್ಯಾಲಿಡೇ ಮತ್ತು ರುಖೈಯಾ ಹಸನ್, ಗಂಡ ಹೆಂಡತಿ. ರುಖೈಯಾ ಅವರು ಹುಟ್ಟಿದ್ದು ನಮ್ಮ ಉತ್ತರ ಪ್ರದೇಶದ ಪ್ರತಾಪಗಢದಲ್ಲಿ ಅನ್ನುವುದು ನನಗೆ ಖುಷಿಯ ವಿಷಯ. ಅವರು ಐದು ಬಗೆ ಹೇಳುತ್ತಾರೆ. ನಮ್ಮ ಮಕ್ಕಳಿಗೆ ಜಾಸ್ತಿ ತೊಂದರೆ ಕೊಡುವುದು ಅದರಲ್ಲಿ ಮೂರು. ಹೀ, ಶೀ, ಇಟ್, ದಿಸ್ ಥರ ಹಿಂದಿನದನ್ನು ತೋರಿಸುವ ಪದಗಳು. ಬಿಕಾಸ್, ಬಟ್ ಥರ ಜೋಡಿಸುವ ಪದಗಳು. ಮತ್ತೆ ಒಂದೇ ವಸ್ತುವನ್ನು ಬೇರೆ ಬೇರೆ ಹೆಸರಿನಲ್ಲಿ ಕರೆಯುವುದು.

ಈ ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಕಥೆ ‘ಆ್ಯನ್ ಓಲ್ಡ್ ಫಾರ್ಮರ್’ ಅಂತ ಶುರುವಾಗುತ್ತದೆ. ಮುಂದಿನ ಪ್ಯಾರಾದಲ್ಲಿ ‘ದ ಪೂರ್ ಮ್ಯಾನ್’ ಬರುತ್ತದೆ. ಆಮೇಲೆ ‘ದ ವಿಲೇಜರ್’. ಬರೆದವರಿಗೆ ಒಂದೇ ಪದ ಮತ್ತೆ ಮತ್ತೆ ಬರಬಾರದು ಅನ್ನುವ ಆಸೆ. ಓದುವ ಮಗುವಿಗೆ ಮೂರು ಜನ ಕಾಣುತ್ತಾರೆ. ಕಪ್ಪೆಯ ಪಾಠದಲ್ಲಿ ಫ್ರಾಗ್, ಆಮೇಲೆ ಆ್ಯಂಫಿಬಿಯನ್, ಆಮೇಲೆ ಕ್ರೀಚರ್ ಅಂದರೆ ಮಗು ಮೂರು ಪ್ರಾಣಿ ಹುಡುಕುತ್ತದೆ. ಮಾಹಿತಿಯ ಪಾಠದಲ್ಲಿ ಹತ್ತು ಸಲ ಬಂದರೂ ಪರವಾಗಿಲ್ಲ, ಕಪ್ಪೆಯನ್ನು ಕಪ್ಪೆ ಅಂತಲೇ ಕರೆಯಬೇಕು.

ಮಲೆನಾಡ ಹುಡುಗಿ

ಕನ್ನಡದ ಕಡೆಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ ಅನಿಸುತ್ತದೆ. ನಾನು ಬಿ.ಎಡ್. ಮಾಡುತ್ತಿದ್ದೇನೆ. ನಾನೂ ಕನ್ನಡ ಮಾಧ್ಯಮದಲ್ಲಿ ಓದಿದವಳೇ.

‘ಬೆಳಿಗ್ಗೆ ಎದ್ದು, ಮುಖ ತೊಳೆದು, ಕಾಫಿ ಕುಡಿದು, ಕೊಟ್ಟಿಗೆಗೆ ಹೋದಳು.’ ಇದರಲ್ಲಿ ‘ಅವಳು’ ಅಂತ ಒಂದು ಸಲವೂ ಇಲ್ಲ, ‘ಮತ್ತು’ ಅಂತಲೂ ಇಲ್ಲ. ಆದರೂ ಯಾರು, ಯಾವುದರ ನಂತರ ಯಾವುದು ಮಾಡಿದರು ಅಂತ ಯಾರಿಗೂ ಗೊಂದಲ ಇಲ್ಲ. ಕೊಂಡಿ ಇರುವುದು ಕ್ರಿಯಾಪದದ ಬಾಲದಲ್ಲಿ. ಎದ್ದು, ತೊಳೆದು, ಕುಡಿದು. ನಮ್ಮ ಕಿವಿ ಆ ಬಾಲಕ್ಕೆ ಹೊಂದಿಕೊಂಡಿದೆ. ಇಂಗ್ಲಿಷ್ ಅದೇ ಕೊಂಡಿಯನ್ನು ಬೇರೆ ಪದವಾಗಿ ವಾಕ್ಯದ ಮುಂದೆ ಇಡುತ್ತದೆ. ನಮ್ಮ ಮಕ್ಕಳು ಕೊಂಡಿಗಾಗಿ ವಾಕ್ಯದ ಕೊನೆಯಲ್ಲಿ ಹುಡುಕುತ್ತಿರುತ್ತಾರೆ.

‘ಆಲ್‌ದೋ ಹೀ ಈಸ್ ಪೂರ್, ಬಟ್ ಹೀ ಈಸ್ ಆನೆಸ್ಟ್’ ಅಂತ ಎಲ್ಲರೂ ಒಂದೇ ಸಾಕಾದ ಕಡೆ ಎರಡೂ ಪದ ಹಾಕಿ ಬರೆಯುತ್ತಾರಲ್ಲ, ಅದಕ್ಕೂ ಇದೇ ಕಾರಣ ಇರಬಹುದು. ‘ಬಡವನಾದರೂ ಪ್ರಾಮಾಣಿಕ’ ಅನ್ನುವಾಗ ಆ ‘ಆದರೂ’ ಎರಡು ಮಾತಿನ ನಡುವೆ ಬರುತ್ತದೆ. ಮಗು ಇಂಗ್ಲಿಷಿನಲ್ಲೂ ನಡುವೆ ಏನಾದರೂ ಬೇಕು ಅಂತ ಬಟ್ ಹಾಕುತ್ತದೆ.

ಇನ್ನೊಂದು ವಿಷಯ, ‘ದೇ’. ಕನ್ನಡದಲ್ಲಿ ಮನುಷ್ಯರಾದರೆ ಅವರು, ದನಕರು, ಗಿಡಮರ ಆದರೆ ಅವು. ಎರಡು ಬೇರೆ ಪದ. ಇಂಗ್ಲಿಷಿನಲ್ಲಿ ಎರಡಕ್ಕೂ ದೇ. ‘ದ ಫಾರ್ಮರ್ಸ್ ಸೋಲ್ಡ್ ದ ಬುಲಕ್ಸ್ ಬಿಕಾಸ್ ದೇ ವರ್ ಓಲ್ಡ್.’ ವಯಸ್ಸಾದದ್ದು ಎತ್ತುಗಳಿಗಾ, ರೈತರಿಗಾ? ಕನ್ನಡದಲ್ಲಿ ‘ಅವಕ್ಕೆ ವಯಸ್ಸಾಗಿತ್ತು’ ಅಂದರೆ ಮುಗಿಯಿತು. ದೇ ಬಂದ ಕಡೆಯೆಲ್ಲ ಟೀಚರ್ ಒಂದು ಕ್ಷಣ ನಿಂತು ‘ಅವರಾ, ಅವಾ?’ ಅಂತ ಕೇಳಿದರೆ ಎಷ್ಟೋ ಸಹಾಯ ಆಗುತ್ತದೆ. ನನ್ನನ್ನು ಆಗ ಯಾರೂ ಕೇಳಲಿಲ್ಲ.

ಹೈಸ್ಕೂಲ್ ಟೀಚರ್

‘ಅವರಾ, ಅವಾ?’ ಬಹಳ ಚೆನ್ನಾಗಿದೆ. ನಾಳೆಯಿಂದಲೇ ಕೇಳುತ್ತೇನೆ.

‘ಅನ್‌ಲೆಸ್’ ಕೂಡ ಇದಕ್ಕೆ ಸೇರಿಸಿ. ‘ಅನ್‌ಲೆಸ್ ಯೂ ವಾಟರ್ ದ ಪ್ಲಾಂಟ್, ಇಟ್ ವಿಲ್ ಡೈ.’ ಅಂದರೆ ನೀರು ಹಾಕದಿದ್ದರೆ ಗಿಡ ಸಾಯುತ್ತದೆ ಅಂತ. ನೀರು ಹಾಕಿದರೆ ಗಿಡ ಸಾಯುತ್ತದೆ ಅಂತ ಬರೆದ ಮಕ್ಕಳಿದ್ದಾರೆ. ನೀರು, ಗಿಡ, ಸಾಯುವುದು ಮೂರೂ ಗೊತ್ತು. ಗೊತ್ತಿಲ್ಲದ ಆ ಒಂದು ಪದವನ್ನು ಹಾರಿಸಿ ಓದಿದರು. ಪಾಠದ ಕೊನೆಯ ಪದಕೋಶದಲ್ಲಿ ದೊಡ್ಡ ದೊಡ್ಡ ನಾಮಪದಗಳಿಗೆ ಅರ್ಥ ಇರುತ್ತದೆ, ಅನ್‌ಲೆಸ್‌ಗೆ ಇರುವುದಿಲ್ಲ. ‘ಯೆಟ್’, ‘ಸಿನ್ಸ್’, ‘ವೈಲ್’ ಇವಕ್ಕೆಲ್ಲ ಎರಡೆರಡು ಕೆಲಸ. ಸಿನ್ಸ್ ಅಂದರೆ ಒಂದು ಕಡೆ ‘ಅಂದಿನಿಂದ’, ಇನ್ನೊಂದು ಕಡೆ ‘ಯಾಕೆಂದರೆ’. ಒಂದು ಅರ್ಥ ಗೊತ್ತಿರುವ ಮಗು ಎರಡೂ ಕಡೆ ಅದನ್ನೇ ಹಾಕುತ್ತದೆ.

ಕರಡು ತಿದ್ದುವವ

ನಾನು ಕೆಲವು ವರ್ಷ ಮಕ್ಕಳ ಪುಸ್ತಕ, ಅಭ್ಯಾಸ ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡಿದ್ದೇನೆ. ಒಳಗಡೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಯಾರೂ ಬೇಕಂತ ಕೊಂಡಿ ತೆಗೆಯುವುದಿಲ್ಲ. ಬರೆದವರು ಮೊದಲ ಕರಡು ಚೆನ್ನಾಗಿಯೇ ಕೊಟ್ಟಿರುತ್ತಾರೆ. ಆಮೇಲೆ ಚಿತ್ರಕ್ಕೆ ಜಾಗ ಬೇಕು ಅಂತ ಎರಡು ಸಾಲು ಹೋಗುತ್ತದೆ. ಈ ತರಗತಿಗೆ ಈ ಪದ ಬೇಡ ಅಂತ ಇನ್ನೊಂದು ಹೋಗುತ್ತದೆ. ಪ್ಯಾರಾ ಒಂದು ಪುಟದೊಳಗೆ ಕೂರಬೇಕು ಅಂತ ಮತ್ತೊಂದು. ಪ್ರತಿ ಸಲವೂ ತೆಗೆಯುವವರ ಕಣ್ಣಿಗೆ ಮಾಹಿತಿ ಇರುವ ವಾಕ್ಯ ಮುಖ್ಯ ಅನಿಸುತ್ತದೆ, ಜೋಡಿಸುವ ವಾಕ್ಯ ಬೇಡದ್ದು ಅನಿಸುತ್ತದೆ. ನಾನೇ ಎಷ್ಟೋ ಕಡೆ ಹಾಗೆ ಹೊಡೆದು ಹಾಕಿದ್ದೇನೆ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ನಮಗೆಲ್ಲ ವಿಷಯ ಮೊದಲೇ ಗೊತ್ತಿತ್ತು. ಹಾಗಾಗಿ ನಡುವಿನ ಖಾಲಿ ಜಾಗ ನಮಗೆ ಕಾಣಲೇ ಇಲ್ಲ.

ಐದನೇ ತರಗತಿಯ ಸಮಾಜ ವಿಜ್ಞಾನದ ಪಾಠವೊಂದನ್ನು ಅಮೆರಿಕದಲ್ಲಿ ಇಸಾಬೆಲ್ ಬೆಕ್ ಮತ್ತು ಜೊತೆಗಾರರು ಹೀಗೇ ಪರೀಕ್ಷೆ ಮಾಡಿದ್ದರು. 1991ರಲ್ಲಿ ಪ್ರಕಟವಾಯಿತು. ಅವರ ದೇಶದ ಸ್ವಾತಂತ್ರ್ಯ ಹೋರಾಟದ ಹಿನ್ನೆಲೆಯ ಪಾಠ ಅದು. ಇರುವ ಪಠ್ಯವನ್ನೇ ತೆಗೆದುಕೊಂಡು, ಯಾಕೆ ಹೀಗಾಯಿತು, ಇದರಿಂದ ಯಾರಿಗೆ ಸಿಟ್ಟು ಬಂತು ಅನ್ನುವ ನಡುವಿನ ಮಾತುಗಳನ್ನು ಸೇರಿಸಿದರು. ಪಠ್ಯ ಉದ್ದವಾಯಿತು. ಆದರೂ ತಿದ್ದಿದ್ದನ್ನು ಓದಿದ ಮಕ್ಕಳಿಗೆ ಜಾಸ್ತಿ ನೆನಪಿತ್ತು, ಪ್ರಶ್ನೆಗಳಿಗೂ ಚೆನ್ನಾಗಿ ಉತ್ತರಿಸಿದರು. ಆ ಲೇಖನ ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಓದಿರಬೇಕಿತ್ತು.

ಗಣಿತ ಮೇಡಂ

ಒಂದು ಸಣ್ಣ ಭಿನ್ನಾಭಿಪ್ರಾಯ ಇದೆ. ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟರೆ ಮಗು ಯೋಚಿಸುವುದು ಯಾವಾಗ? ನಾನು ಗಣಿತದಲ್ಲಿ ಬೇಕಂತಲೇ ಒಂದು ಹೆಜ್ಜೆ ಬಿಟ್ಟು ‘ಇದು ಹೇಗೆ ಬಂತು?’ ಅಂತ ಕೇಳುತ್ತೇನೆ. ಆ ಖಾಲಿ ಜಾಗ ತುಂಬುವಾಗಲೇ ಕಲಿಕೆ ಆಗುವುದು. ಇಂಗ್ಲಿಷ್ ಪಾಠಕ್ಕೂ ಇದು ಅನ್ವಯಿಸಬೇಕಲ್ವಾ?

ಓದುಬರಹ

ಮೇಡಂ, ನಿಮ್ಮ ಮಾತಿಗೂ ಆಧಾರ ಇದೆ. 1996ರಲ್ಲಿ ಡೇನಿಯೆಲ್ ಮೆಕ್‌ನಮಾರಾ, ವಾಲ್ಟರ್ ಕಿಂಚ್ ಮತ್ತಿತರರು ಹೃದಯದ ಕಾಯಿಲೆ ಬಗ್ಗೆ ಒಂದು ಪಠ್ಯವನ್ನು ಬೇರೆ ಬೇರೆ ರೀತಿ ಬರೆದು ಮಕ್ಕಳಿಗೆ ಓದಿಸಿದರು. ವಿಷಯ ಅಷ್ಟಾಗಿ ಗೊತ್ತಿಲ್ಲದ ಮಕ್ಕಳಿಗೆ ಚೆನ್ನಾಗಿ ಜೋಡಿಸಿ ಬರೆದದ್ದೇ ಉಪಯೋಗವಾಯಿತು. ವಿಷಯ ಮೊದಲೇ ಗೊತ್ತಿದ್ದ ಮಕ್ಕಳು, ಯೋಚಿಸಿ ಉತ್ತರಿಸುವ ಪ್ರಶ್ನೆಗಳಲ್ಲಿ, ಕೊಂಡಿ ಕಡಿಮೆ ಇದ್ದ ಪಠ್ಯ ಓದಿದಾಗಲೇ ಚೆನ್ನಾಗಿ ಮಾಡಿದರು. ನೀವು ಹೇಳಿದ ಕಾರಣವೇ. ಅವರು ಖಾಲಿ ಜಾಗವನ್ನು ತಾವೇ ತುಂಬಿದರು. 2007ರಲ್ಲಿ ಓರೈಲಿ ಜೊತೆ ಮೆಕ್‌ನಮಾರಾ ಮತ್ತೆ ನೋಡಿದಾಗ ಇನ್ನೊಂದು ತಿಳಿಯಿತು. ವಿಷಯವೂ ಗೊತ್ತಿದ್ದು, ಓದುವುದರಲ್ಲೂ ಪಳಗಿದ ಕಾಲೇಜು ವಿದ್ಯಾರ್ಥಿಗಳಿಗೆ ಜೋಡಿಸಿ ಬರೆದ ಪಠ್ಯವೂ ಒಳ್ಳೆಯದೇ ಆಗಿತ್ತು.

ಆದರೆ ನಮ್ಮ ಸಂದರ್ಭ ನೋಡಿ ಮೇಡಂ. ನೀವು ಗಣಿತದಲ್ಲಿ ಹೆಜ್ಜೆ ಬಿಡುವಾಗ ಪಕ್ಕದಲ್ಲೇ ನಿಂತಿರುತ್ತೀರಿ, ಮಗುವಿಗೆ ಹಿಂದಿನ ಹೆಜ್ಜೆ ಗೊತ್ತಿರುತ್ತದೆ, ಬಿಟ್ಟಿದ್ದೀರಿ ಅಂತಲೂ ಗೊತ್ತಿರುತ್ತದೆ. ಆರನೇ ತರಗತಿಯ ಮಗು ಇಂಗ್ಲಿಷ್ ಪುಸ್ತಕ ತೆಗೆದಾಗ ಅಲ್ಲಿ ಏನೋ ಬಿಟ್ಟಿದ್ದಾರೆ ಅನ್ನುವ ಸುಳಿವೇ ಅದಕ್ಕೆ ಸಿಗುವುದಿಲ್ಲ. ‘ನನಗೆ ಇಂಗ್ಲಿಷ್ ಬರಲ್ಲ’ ಅಂದುಕೊಂಡು ಪುಸ್ತಕ ಮುಚ್ಚುತ್ತದೆ. ಇದೇ ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವ ವಿಷಯ.

ಗಣಿತ ಮೇಡಂ

ಇದು ಒಪ್ಪುವಂಥ ಮಾತು. ಬಿಟ್ಟಿದ್ದೇವೆ ಅಂತ ಮಗುವಿಗೆ ಗೊತ್ತಿರಬೇಕು. ಆ ವ್ಯತ್ಯಾಸ ನಾನು ಯೋಚಿಸಿರಲಿಲ್ಲ.

ನಮ್ಮ ಶಾಲೆಯಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆ. 2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಶುರು ಮಾಡಿದರಲ್ಲ, ಆಮೇಲಿನಿಂದ ಗಣಿತ ಟೀಚರ್ ಕೂಡ ಇಂಗ್ಲಿಷ್ ಟೀಚರ್ ಆಗಬೇಕಾಗಿದೆ. ಲೆಕ್ಕದ ಸಮಸ್ಯೆಯಲ್ಲಿ ‘ದ ರಿಮೈನಿಂಗ್’, ‘ಈಚ್ ಆಫ್ ದೆಮ್’ ಅಂತ ಬಂದಾಗ ಮಕ್ಕಳು ತಪ್ಪು ಮಾಡುವುದು ಲೆಕ್ಕದಲ್ಲಿ ಅಂತ ತಿಳಿದಿದ್ದೆ. ಯಾವುದರಲ್ಲಿ ಉಳಿದದ್ದು, ಯಾರಲ್ಲಿ ಒಬ್ಬೊಬ್ಬರಿಗೆ ಅನ್ನುವುದು ಗೊತ್ತಾಗದೆ ತಪ್ಪುತ್ತಿರಬಹುದು. ಈ ವಾರ ಕೇಳಿ ನೋಡುತ್ತೇನೆ.

ಅವಳಿ ಮಕ್ಕಳ ಅಮ್ಮ

ನಿನ್ನೆ ಸಂಜೆ ಮನೆಯಲ್ಲಿ ಮಾಡಿ ನೋಡಿದೆ, ಹೇಳಲೇಬೇಕು ಅನಿಸಿತು. ಪಾಠದ ಒಂದು ಪ್ಯಾರಾ ತೆಗೆದು, ಇಟ್, ದೇ, ದಿಸ್, ಹಿಸ್ ಇರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ ಅಂದೆ. ಆಮೇಲೆ ಪ್ರತಿ ಸುತ್ತಿನಿಂದ ಹಿಂದಕ್ಕೆ ಬಾಣ ಎಳೆದು, ಅದು ಯಾರು, ಯಾವುದು ಅಂತ ಮುಟ್ಟಿಸಬೇಕು. ಇಬ್ಬರೂ ಬೇರೆ ಬೇರೆ ಕಡೆ ಬಾಣ ಎಳೆದರು. ಒಂದು ‘ದಿಸ್’ ಬಗ್ಗೆ ಅರ್ಧ ಗಂಟೆ ಜಗಳ. ಕೊನೆಗೆ ದೊಡ್ಡವಳು ‘ಅಮ್ಮ, ಇದು ಒಂದು ಪದಕ್ಕೆ ಹೋಗಲ್ಲ, ಹಿಂದಿನ ಇಡೀ ಸಾಲಿಗೆ ಹೋಗುತ್ತೆ’ ಅಂದಳು. ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೂ ಅವಳು ಹೇಳಿದ್ದು ಸರಿ ಅಂತ ನನಗೂ ಕಂಡಿತು. ಆ ಪ್ಯಾರಾ ಇಬ್ಬರೂ ನೋಡದೆ ಕನ್ನಡದಲ್ಲಿ ಹೇಳಿದರು.

ಬಯಲುಸೀಮೆ ಮೇಷ್ಟ್ರು

ಅಮ್ಮ, ಕಣ್ಣು ತುಂಬಿ ಬಂತು. ನಿಮ್ಮ ಬಾಣವನ್ನು ಇವತ್ತು ನನ್ನ ತರಗತಿಗೂ ತೆಗೆದುಕೊಂಡು ಹೋದೆ. ಮೊದಲು ತಿದ್ದುವ ಮುಂಚಿನ ಆ ನಾಲ್ಕು ವಾಕ್ಯಗಳನ್ನೇ ಬೋರ್ಡ್ ಮೇಲೆ ಬರೆದೆ. ಮೂರನೇ ವಾಕ್ಯದ ‘ಇಟ್’ನಿಂದ ಬಾಣ ಎಳೆಯಲು ಆ ಹುಡುಗನನ್ನೇ ಕರೆದೆ. ಅವನು ‘ವಾಟರ್’ಗೆ ಎಳೆದ. ಕೊನೆಯ ‘ಇಟ್’ ಹತ್ತಿರ ಬಂದಾಗ ಸೀಮೆಸುಣ್ಣ ಹಿಡಿದು ಸುಮಾರು ಹೊತ್ತು ನಿಂತ. ಆಮೇಲೆ ನನ್ನ ಕಡೆ ತಿರುಗಿ ‘ಸರ್, ಇದಕ್ಕೆ ಎಳೆಯೋಕೆ ಸರಿಯಾದ ಪದ ಇಲ್ಲಿ ಇಲ್ಲ, ಒಳಗಿನ ನೀರು ಅಂತ ಬರೆದೇ ಇಲ್ಲ’ ಅಂದ.

ಅವನ ಕೈಯಲ್ಲೇ ಆ ಪದಗಳನ್ನು ಬರೆಸಿದೆ. ‘ದ ವಾಟರ್ ಇನ್‌ಸೈಡ್’ ಅಂತ ಬರೆದ. ‘ಇನ್‌ಸೈಡ್’ ಕಾಗುಣಿತ ಪಕ್ಕದ ಹುಡುಗಿ ಹೇಳಿಕೊಟ್ಟಳು. ನಾಳೆ ಏಳನೇ ತರಗತಿಗೆ ಹೈಸ್ಕೂಲ್ ಟೀಚರ್ ಅವರ ರಾಗಿ ರಾಶಿಯ ವಾಕ್ಯ ತೆಗೆದುಕೊಂಡು ಹೋಗುತ್ತಿದ್ದೇನೆ. ಏನಾಯಿತು ಅಂತ ಬಂದು ಬರೆಯುತ್ತೇನೆ.